ನಿಮಗಿದು ಗೊತ್ತೆ? ಕೊಳೆತ ಮಾಂಸದ ವಾಸನೆಯ ಹೂವು

ಬೇರೆ ಹೂಗಳು ಕಂಪಿನಿಂದ ಜೇನನ್ನು ಕರೆದರೆ, ಸ್ಟಪೇಲಿಯ ಮತ್ತು ಅದರ ಹತ್ತಿರದ ಬಂಧುಗಳ ಹೂಗಳು ಕೊಳೆತ ಮಾಂಸದ ನಾತ ಹೊರಸೂಸಿ ನೊಣಗಳನ್ನು ಸೆಳೆಯುತ್ತವೆ; ಮೋಸಹೋದ ನೊಣ ಕೆಲವೊಮ್ಮೆ ಹೂವಿನ ಮೇಲೆಯೇ ಮೊಟ್ಟೆಯಿಡುತ್ತದೆ, ಹೊರಬಂದ ಮರಿಹುಳುಗಳಿಗೆ ಮಾತ್ರ ಅಲ್ಲಿ ಆಹಾರವಿರುವುದಿಲ್ಲ. ಎಕ್ಕದ ಕುಟುಂಬಕ್ಕೇ ಸೇರಿದ ಈ ರಸಕಾಂಡ ಸಸ್ಯಗಳ, ಅಂದರೆ ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳ, ಪರಾಗವು ಪುಡಿಯಾಗಿರದೆ 'ಪರಾಗಪಿಂಡ'ವೆಂಬ ಮೇಣದಂಥ ಗಂಟಾಗಿ ನೊಣಕ್ಕೆ ಅಂಟಿಕೊಂಡು ಮತ್ತೊಂದು ಹೂವಿಗೆ ಸಾಗುತ್ತದೆ.

ಸ್ಟಪೇಲಿಯದ ತವರು ಆಫ್ರಿಕವಾದರೂ ಅದರ ಬಳಗದ ಕ್ಯಾರಲ್ಲುಮ ದಕ್ಷಿಣ ಭಾರತದ ಒಣ ಕುರುಚಲುಕಾಡುಗಳದ್ದೇ ಗಿಡ. 1795ರಲ್ಲಿ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ಅದರ ಒಂದು ಪ್ರಭೇದವನ್ನು ಸ್ಟಪೇಲಿಯವೆಂದೇ ವರ್ಣಿಸಿದ್ದನು. ಚೆಂಡಿನಂತೆ ಗೊಂಚಲಾಗಿ ಅರಳುವ ಕ್ಯಾರಲ್ಲುಮ ಅಂಬೆಲ್ಲೇಟವಂತೂ ತನ್ನ ನಾತದಿಂದಾಗಿ ಕಿಟಕಿಯ ಬಳಿ ಇಡುವಂಥದ್ದಲ್ಲ.

ಮಂಡ್ಯ ತಾಲ್ಲೂಕಿನ ಬಸರಾಳಿನಂಥ ಕಡಿಮೆ ಮಳೆಯ ಸೀಮೆಯಲ್ಲಿ ಇವುಗಳ ಕೃಷಿ ಸುಲಭ. ಕತ್ತರಿಸಿದ ಕಾಂಡದ ಗಾಯ ಒಣಗಲು ಒಂದು ವಾರ ನೆರಳಿನಲ್ಲಿಟ್ಟು, ಒಂದು ಪಾಲು ಕೆಂಪುಮಣ್ಣಿಗೆ ಎರಡು ಪಾಲು ದಪ್ಪ ಮರಳು ಬೆರೆಸಿದ ಕುಂಡದಲ್ಲಿ ಊರಿ, ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರುಣಿಸಬೇಕು. ಬಿಸಿಲಿಗಿಂತ ಸೆಪ್ಟೆಂಬರ್‌-ಅಕ್ಟೋಬರ್‌ನ ಎಡೆಬಿಡದ ಮಳೆಯೇ ಅಪಾಯಕಾರಿ, ಏಕೆಂದರೆ ನೀರು ನಿಂತರೆ ಕಾಂಡದ ಬುಡ ಕಪ್ಪಾಗಿ ಕೊಳೆಯುತ್ತದೆ; ಬೇರಿನಲ್ಲಿ ಅಡಗುವ ಹಿಟ್ಟುತಿಗಣೆ ಇನ್ನೊಂದು ಶತ್ರು.