ಆರಿದ ಸರದಲ್ಲೂ ಕರೆಂಟಿದೆ

ಗಣಪತಿ ಕೂರಿಸುವ ಹಿಂದಿನ ಸಂಜೆ ದಾವಣಗೆರೆ ಜಿಲ್ಲೆಯ ಹೊನ್ನಾಳಿಯಲ್ಲೋ ಚನ್ನಗಿರಿಯಲ್ಲೋ ಪೇಟೆ ಬೀದಿ ಹಿಡಿದು ಹೋದರೆ ಈ ನೋಟ ತಪ್ಪುವುದಿಲ್ಲ. ಗೋಡೆಗೆ ಒರಗಿಸಿದ ಏಣಿ, ಅದರ ತುದಿಯಲ್ಲಿ ಹೆಗಲಿಗೆ ಸೀರಿಯಲ್ ಸೆಟ್ಟಿನ ಸುರುಳಿ ಹಾಕಿಕೊಂಡ ಹುಡುಗ, ಅವನ ಹಲ್ಲಿನಲ್ಲಿ ಕಚ್ಚಿ ಹಿಡಿದ ಟೇಪಿನ ತುಂಡು. ಕೆಳಗೆ ಏಣಿ ಹಿಡಿದವನ ಕೂಗು: "ಇನ್ನೊಂದ್ ಮಾರು ಎಳಿಯೋ, ಇಲ್ಲಿಗೆ ಸಾಲಲ್ಲ!" ಕತ್ತಲಾಗುವಷ್ಟರಲ್ಲಿ ಬೀದಿಗೆ ಬೀದಿಯೇ ಝಗಮಗಿಸುತ್ತದೆ. ಆಮೇಲೆ ಆ ಹುಡುಗನನ್ನು ಯಾರೂ ನೆನೆಯುವುದಿಲ್ಲ, ಒಂದು ಸರ ಆರುವ ತನಕ.

ಆರಿದ ಮೇಲೆ ಅವನು ಏನು ಮಾಡುತ್ತಾನೆ ಎಂಬುದನ್ನು ಹತ್ತಿರ ನಿಂತು ನೋಡಬೇಕು. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಸರಣಿ ಜೋಡಣೆ ಎಂದು ಓದಿದ್ದು ಅವನ ಬೆರಳ ತುದಿಯಲ್ಲಿ ಇರುತ್ತದೆ.

ಹಳೆಯ ಸೀರಿಯಲ್ ಸೆಟ್ಟನ್ನೇ ತೆಗೆದುಕೊಳ್ಳಿ. ಮನೆಗೆ ಬರುವ ಕರೆಂಟು 230 ವೋಲ್ಟ್. ಟಾರ್ಚಿಗೆ ಹಾಕುವಂಥ 6 ವೋಲ್ಟಿನ ಒಂದು ಬಲ್ಬನ್ನು ನೇರ ಪ್ಲಗ್ಗಿಗೆ ಕೊಟ್ಟರೆ ಮರುಕ್ಷಣ ಸುಟ್ಟುಹೋಗುತ್ತದೆ. ಅಂಥ ನಲವತ್ತು ಬಲ್ಬುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಸಾಲಾಗಿ ನಿಲ್ಲಿಸಿದರೆ 230 ವೋಲ್ಟ್ ನಲವತ್ತು ಪಾಲಾಗುತ್ತದೆ, ಒಬ್ಬೊಬ್ಬರಿಗೆ ಐದೂಮುಕ್ಕಾಲು. ಟ್ರಾನ್ಸ್‌ಫಾರ್ಮರ್ ಬೇಡ, ದೊಡ್ಡ ಖರ್ಚಿಲ್ಲ. ಆದರೆ ಕರೆಂಟು ಹರಿಯಲು ಇರುವುದು ಒಂದೇ ದಾರಿ, ಎಲ್ಲ ಬಲ್ಬುಗಳ ಹೊಟ್ಟೆಯೊಳಗಿಂದಲೇ ಹಾದುಹೋಗುವ ದಾರಿ. ಒಂದು ಬಲ್ಬಿನ ತಂತಿ ಕಡಿದರೆ ನಲವತ್ತೂ ಕತ್ತಲು.

ಈಗ ಕಡಿದದ್ದು ಎಲ್ಲಿ? ಹೊಸಬ ಮೊದಲ ಬಲ್ಬಿನಿಂದ ಒಂದೊಂದನ್ನೇ ಬಿಚ್ಚಿ ನೋಡುತ್ತಾ ಹೋಗುತ್ತಾನೆ. ಪಳಗಿದವನು ಜೇಬಿನಿಂದ ಟೆಸ್ಟರ್ ತೆಗೆದು ಸರದ ನಟ್ಟನಡುವಿನ ಹೋಲ್ಡರಿಗೆ ಮುಟ್ಟಿಸುತ್ತಾನೆ. ಟೆಸ್ಟರಿನ ಹಿಡಿಯೊಳಗೆ ಪುಟ್ಟ ನಿಯಾನ್ ದೀಪವೂ ಕರೆಂಟನ್ನು ಬಹಳಷ್ಟು ತಡೆಯುವ ಒಂದು ರೆಸಿಸ್ಟರೂ ಇರುತ್ತವೆ. ನಡುವಿನಲ್ಲಿ ಅದು ಕೆಂಪಗೆ ಉರಿದರೆ ಫೇಸಿನ ಕಡೆಯಿಂದ ಅಲ್ಲಿಯವರೆಗೆ ದಾರಿ ಸರಿಯಿದೆ, ಪೆಟ್ಟು ಬಿದ್ದಿರುವುದು ಮುಂದೆ. ಉರಿಯದಿದ್ದರೆ ಹಿಂದೆ. ಉಳಿದ ಇಪ್ಪತ್ತರಲ್ಲಿ ಮತ್ತೆ ನಡುವೆ, ಮತ್ತೆ ಹತ್ತರ ನಡುವೆ. ಹೀಗೆ ಅರ್ಧಕ್ಕರ್ಧ ಮಾಡುತ್ತಾ ಹೋದರೆ ನಲವತ್ತು ಬಲ್ಬಿಗೆ ಆರು ಸಲ ಮುಟ್ಟಿಸಿದರೆ ಸಾಕು, ಕಳ್ಳ ಸಿಕ್ಕಿಬೀಳುತ್ತಾನೆ. ಕಂಪ್ಯೂಟರು ಅಕ್ಷರಕ್ರಮದಲ್ಲಿ ಜೋಡಿಸಿದ ಲಕ್ಷ ಹೆಸರುಗಳ ಪಟ್ಟಿಯಲ್ಲಿ ಒಂದನ್ನು ಹುಡುಕುವುದೂ ಇದೇ ಉಪಾಯದಿಂದ.

ಇದೇ ಟೆಸ್ಟರನ್ನು ಚೆನ್ನಾಗಿ ಉರಿಯುತ್ತಿರುವ ಸರದ ಉದ್ದಕ್ಕೂ ಮುಟ್ಟಿಸುತ್ತಾ ಹೋದರೆ ಇನ್ನೊಂದು ಸೊಗಸು ಕಾಣುತ್ತದೆ. ಮೊದಲಲ್ಲಿ ಜೋರು, ಹೋದಹಾಗೆ ಮಂಕು, ಕೊನೆಯ ಕೆಲವು ಬಲ್ಬುಗಳ ಹತ್ತಿರ ಬೆಳಕೇ ಇಲ್ಲ. ಬಲ್ಬಿಗೊಂದು ಮೆಟ್ಟಿಲಿನಂತೆ ವೋಲ್ಟೇಜು ಇಳಿಯುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಕೆಟ್ಟ ಸರದಲ್ಲಿ ಈ ಮೆಟ್ಟಿಲಿಲ್ಲ. ಕರೆಂಟು ಹರಿಯದಿದ್ದರೆ ವೋಲ್ಟೇಜು ಇಳಿಯುವುದೂ ಇಲ್ಲ. ಕಡಿದ ಜಾಗದವರೆಗೆ ಪೂರಾ 230, ಅದರಾಚೆ ಸೊನ್ನೆ. ಸರದ ಅಷ್ಟೂ ವೋಲ್ಟೇಜು ಆ ಒಂದು ಬಲ್ಬಿನ ಎರಡು ತುದಿಗಳ ನಡುವೆ ಬಂದು ನಿಂತಿರುತ್ತದೆ. ಉರಿಯುವ ಸರದಲ್ಲಿ ಒಂದು ಹೋಲ್ಡರಿನ ಎರಡು ತುದಿಗಳ ನಡುವೆ ಇರುವುದು ಆರು ವೋಲ್ಟಿಗೂ ಕಡಿಮೆ. ಆರಿದ ಸರದ ಕೆಟ್ಟ ಹೋಲ್ಡರಿನಲ್ಲಿ 230. "ಲೈಟೇ ಇಲ್ಲವಲ್ಲ, ಕರೆಂಟು ಹೋಗಿದೆ" ಎಂದುಕೊಂಡು ಮನೆಯವರು ಕೈಹಾಕುವುದು ಸರಿಯಾಗಿ ಅಲ್ಲಿಗೇ. ಪ್ಲಗ್ ಕಿತ್ತೇ ಕೈಹಾಕಬೇಕು. ಸ್ವಿಚ್ ಆರಿಸಿದರೆ ಸಾಲದು, ಏಕೆಂದರೆ ತರಾತುರಿಯಲ್ಲಿ ಎಳೆದ ವೈರಿಂಗಿನಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲನ್ನು ಕಡಿಯುತ್ತಿರಬಹುದು.

ಕೆಟ್ಟ ಬಲ್ಬು ಸಿಕ್ಕಿತು, ಬದಲಿ ಬಲ್ಬು ಡಬ್ಬಿಯಲ್ಲಿಲ್ಲ. ಆಗ ಎರಡು ವೈರುಗಳನ್ನು ಹೊಸೆದು ಟೇಪು ಸುತ್ತಿಬಿಡುವುದು ಎಲ್ಲ ಊರಿನ ರೂಢಿ. ಒಂದಕ್ಕೆ ಅಷ್ಟೇನೂ ಆಗದು. ಐದು ಬಲ್ಬುಗಳನ್ನು ಹೀಗೆ ಹಾರಿಸಿದರೆ ಉಳಿದ ಮೂವತ್ತೈದಕ್ಕೆ ತಲಾ ಆರೂವರೆ ವೋಲ್ಟ್ ಸಿಗುತ್ತದೆ. ಸರ ಮೊದಲಿಗಿಂತ ಚೆಂದವಾಗಿ ಹೊಳೆಯುತ್ತದೆ, ಜನ ಮೆಚ್ಚುತ್ತಾರೆ. ಆದರೆ ಟಂಗ್‌ಸ್ಟನ್ ತಂತಿಯ ಆಯಸ್ಸು ವೋಲ್ಟೇಜಿಗೆ ತೀರ ನಾಜೂಕು: ಏಳನೇ ಒಂದು ಭಾಗ ಹೆಚ್ಚಾದರೆ ಆಯಸ್ಸು ಸುಮಾರು ಐದನೇ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ವಿಸರ್ಜನೆಯ ಹೊತ್ತಿಗೆ ಬಲ್ಬುಗಳು ಒಂದರ ಹಿಂದೊಂದು ಹೋಗತೊಡಗುತ್ತವೆ.

ಬೆಳಕಿನ ಸರದ ಹುಟ್ಟು ದೂರದ್ದು. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ನರ ಜೊತೆಗಾರ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ ಕೈಯಲ್ಲಿ ಹೆಣೆದ 80 ಬಲ್ಬುಗಳನ್ನು ಸುತ್ತಿದ್ದ. ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಬೆಳಕನ್ನು ಓಡಿಸುವ ಕಲೆಯಲ್ಲಿ ಬಂಗಾಳದ ಚಂದನ್‌ನಗರದವರು ದೇಶಕ್ಕೇ ಹೆಸರಾದರು. ಅಲ್ಲಿನ ಜಗದ್ಧಾತ್ರಿ ಪೂಜೆಯ ಮಂಟಪಗಳಲ್ಲಿ ಮೋಟಾರಿನಿಂದ ತಿರುಗುವ ಮರದ ಉರುಳೆಗೆ ಲೋಹದ ಪಟ್ಟಿ ಬಡಿದು, ಸಾಲು ಬಿಟ್ಟು ಸಾಲು ಬಲ್ಬುಗಳು ಹತ್ತಿ ಆರುವಂತೆ ಮಾಡುತ್ತಿದ್ದರು. ಯಾವ ಬಲ್ಬೂ ಅಲುಗುವುದಿಲ್ಲ, ಆದರೂ ನವಿಲು ಗರಿ ಬಿಚ್ಚುತ್ತದೆ, ಚಕ್ರ ತಿರುಗುತ್ತದೆ. ಅಕ್ಕಪಕ್ಕದ ದೀಪಗಳು ಒಂದರ ಬೆನ್ನಿಗೆ ಒಂದು ಹತ್ತಿದರೆ ಮಿದುಳು ಅದನ್ನು ಚಲನೆ ಎಂದೇ ಓದುತ್ತದೆ ಎಂದು ಮ್ಯಾಕ್ಸ್ ವರ್ಟ್‌ಹೈಮರ್ 1912ರಲ್ಲಿ ತೋರಿಸಿಕೊಟ್ಟಿದ್ದ.

ಆಮೇಲೆ ಬಂದದ್ದು ಎಲ್‌ಇಡಿ. ಕೆಂಪು 1962ರಲ್ಲೇ ಬಂದಿತ್ತು. ಪ್ರಖರವಾದ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಕಮುರಾ ಮೂವರಿಗೂ 2014ರ ನೊಬೆಲ್ ಸಂದಿತು. ಈಗಿನ ಕಮಾನುಗಳಲ್ಲಿ ಆನೆ, ಓಂಕಾರ, ನಟರ ಮುಖಗಳೆಲ್ಲ ಮೂಡುವುದು ಪಿಕ್ಸೆಲ್ ಎಲ್‌ಇಡಿಯಿಂದ. ಒಂದೊಂದು ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ, ಜೊತೆಗೆ ಆಜ್ಞೆ ಪಾಲಿಸುವ ಒಂದು ಚಿಪ್. ಈ ಪೈಕಿ ಬಹಳಷ್ಟು 5 ವೋಲ್ಟಿನಲ್ಲೇ ಕೆಲಸ ಮಾಡುವುದರಿಂದ ಚುಕ್ಕೆ ಮುಟ್ಟಿದರೆ ಶಾಕಿನ ಭಯವಿಲ್ಲ. ಬೇರೆ ತಾಪತ್ರಯವಿದೆ. ಸಾವಿರ ಚುಕ್ಕೆ ಬಿಳಿಯಾಗಿ ಪೂರಾ ಉರಿದರೆ ಹತ್ತಾರು ಆಂಪಿಯರ್ ಬೇಕು, ಅಷ್ಟು ಕರೆಂಟು ತೆಳು ವೈರಿನಲ್ಲಿ ಹೋಗುವಾಗ ವೋಲ್ಟೇಜು ದಾರಿಯಲ್ಲೇ ಸವೆಯುತ್ತದೆ. ನೀಲಿ ಮತ್ತು ಹಸಿರಿಗೆ ಸುಮಾರು 3 ವೋಲ್ಟ್ ಬೇಕು, ಕೆಂಪಿಗೆ 2 ಸಾಕು. ಹಾಗಾಗಿ ಕಮಾನಿನ ತುದಿಯಲ್ಲಿ ಮೊದಲು ನೀಲಿ ಸೋಲುತ್ತದೆ, ಬಿಳಿ ಆನೆ ಸೊಂಡಿಲಿನ ಕಡೆಯಿಂದ ಕೆಂಪಾಗತೊಡಗುತ್ತದೆ. ಬಲ್ಲವನು ಚುಕ್ಕೆ ಬದಲಿಸಲು ಹೋಗುವುದಿಲ್ಲ, ಆ ತುದಿಗೆ ಸಪ್ಲೈಯಿಂದ ಇನ್ನೊಂದು ದಪ್ಪ ವೈರು ಎಳೆಯುತ್ತಾನೆ.

ಸಪ್ಲೈಯವರೆಗೆ ಬರುವುದು ಮಾತ್ರ ಅದೇ 230 ವೋಲ್ಟ್. ಅದರ ಅಪಾಯ ಯಾವ ರೂಪದಲ್ಲಿ ಬರುತ್ತದೆ ಎಂಬುದರಲ್ಲಿ ದಾವಣಗೆರೆ ಜಿಲ್ಲೆಯ ನೆಲವೇ ಮಾತಾಡುತ್ತದೆ. 1997ರಲ್ಲಿ ಜಿಲ್ಲೆ ಕಟ್ಟುವಾಗ ಚನ್ನಗಿರಿ, ಹೊನ್ನಾಳಿ ಬಂದದ್ದು ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ. ಒಂದು ಕಡೆ ಅಡಿಕೆ ತೋಟ, ಸೂಳೆಕೆರೆಯ ನೀರು, ತುಂಗಭದ್ರೆ. ಇನ್ನೊಂದು ಕಡೆ ಬರಕ್ಕೆ ಹೆಸರಾದ ಬಯಲು. ಒಂದೇ ಲೈಟಿಂಗ್ಸ್ ಸಾಮಾನು ಎರಡೂ ಕಡೆ ಹೋದರೆ ಎರಡು ಬೇರೆ ಅಪಾಯಗಳನ್ನು ಎದುರಿಸುತ್ತದೆ.

ಭಾದ್ರಪದದ ಜಡಿಮಳೆಗೆ ಚನ್ನಗಿರಿ ಕಡೆ ಟೇಪಿನ ಸಂದಿಗೆ ನೀರು ಇಳಿದು ಕರೆಂಟು ಸೋರುತ್ತದೆ. ಅದನ್ನು ಹಿಡಿಯುವುದು ಆರ್‌ಸಿಸಿಬಿ ಎಂಬ ಪುಟ್ಟ ಪೆಟ್ಟಿಗೆ. ಅದರ ಕೆಲಸ ಲೆಕ್ಕ ನೋಡುವುದು: ಫೇಸಿನಲ್ಲಿ ಹೋದದ್ದೆಲ್ಲ ನ್ಯೂಟ್ರಲಿನಲ್ಲಿ ವಾಪಸು ಬಂತೇ? 30 ಮಿಲಿ ಆಂಪಿಯರ್‌ನಷ್ಟು ಲೆಕ್ಕ ತಪ್ಪಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುತ್ತದೆ. ತಪ್ಪಿದ ಆ ಪಾಲು ಯಾರದೋ ಮೈಯಿಂದ ನೆಲಕ್ಕೆ ಹೋಗುತ್ತಿರಬಹುದು. ಮಳೆಯಲ್ಲಿ ಇದು ಪದೇಪದೇ ಬಿದ್ದರೆ "ಬೈಪಾಸ್ ಮಾಡಣ್ಣ, ಪೂಜೆ ಟೈಮಾಯ್ತು" ಎಂಬ ಒತ್ತಡ ಬರುತ್ತದೆ. ಆ ಮಾತು ಆಡಲೇಬಾರದು. ಒಂದು ಮಿತಿಯನ್ನೂ ತಿಳಿದಿರಬೇಕು: ಆರಿದ ಸರದ ಹೋಲ್ಡರಿನ ಎರಡು ತುದಿಗಳನ್ನು ಎರಡು ಕೈಗಳಿಂದ ಹಿಡಿದರೆ ಹೋದ ಕರೆಂಟೆಲ್ಲ ನ್ಯೂಟ್ರಲಿಗೇ ಮರಳುತ್ತದೆ, ಲೆಕ್ಕ ಸರಿಹೋಗುತ್ತದೆ, ಪೆಟ್ಟಿಗೆ ಸುಮ್ಮನಿರುತ್ತದೆ.

ಜಗಳೂರಿನ ತೊಂದರೆ ಅರ್ಥಿಂಗಿನದು. 2018ರಲ್ಲಿ ತರಳಬಾಳು ಹುಣ್ಣಿಮೆ ಜಗಳೂರಿನಲ್ಲಿ ನಡೆಯಿತು. ಅಂಥ ದೊಡ್ಡ ಉತ್ಸವಗಳೂ ಬೇಸಿಗೆಯ ಜಾತ್ರೆಗಳೂ ಒಣಹವೆಯ ಕಾಲಕ್ಕೇ ಬರುತ್ತವೆ. ಒಣ ನೆಲ ಕರೆಂಟನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಯಲಿನಲ್ಲಿ ಹೊಡೆದ ಅರ್ಥ್ ಸರಳಿನ ತಡೆ 200 ಓಮ್ ಇದೆ ಎಂದುಕೊಳ್ಳಿ. ಕಬ್ಬಿಣದ ಕಮಾನಿಗೆ ಫೇಸು ತಗುಲಿದರೂ ನೆಲಕ್ಕೆ ಹರಿಯುವುದು ಒಂದು ಆಂಪಿಯರ್ ಚಿಲ್ಲರೆ. 16 ಆಂಪಿಯರ್‌ನ ಫ್ಯೂಸಿಗೆ ಅದು ಗೊತ್ತೇ ಆಗದು. ಕಮಾನು ಶಾಕ್ ಹೊಡೆಯುತ್ತಲೇ ನಿಂತಿರುತ್ತದೆ, ಕೆಳಗೆ ಮಕ್ಕಳು ಓಡಾಡುತ್ತಿರುತ್ತವೆ. ಹಳಬರು ಸರಳಿನ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ದಿನಾ ನೀರು ಹುಯ್ಯುವುದು ಇದಕ್ಕೇ. ಅದರ ಜೊತೆಗೆ ಆರ್‌ಸಿಸಿಬಿ ಇದ್ದರೆ ಒಂದು ಆಂಪಿಯರ್ ಅದಕ್ಕೆ ಧಾರಾಳವಾಯಿತು.

ಆದರೂ ಸಮಿತಿಯವರು ಲೈಟಿಂಗ್ಸ್‌ನವರನ್ನು ಗೊತ್ತುಮಾಡುವಾಗ ಕೇಳುವುದು ಮೂರೇ: ಎಷ್ಟು ಸೆಟ್ಟು, ಎಷ್ಟು ದಿನ, ಎಷ್ಟು ರೇಟು. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯುವ ಹಣ ಉಳಿಸಲು ಲೈನಿಗೆ ಕೊಕ್ಕೆ ಹಾಕು ಎಂದು ಹುಡುಗನನ್ನೇ ಕಂಬ ಹತ್ತಿಸುವುದೂ ಉಂಟು. 2003ರ ವಿದ್ಯುತ್ ಕಾಯ್ದೆಯಲ್ಲಿ ಅದು ಕಳ್ಳತನ. ಅದಕ್ಕಿಂತ ದೊಡ್ಡ ತಪ್ಪು, ಉಳಿಸಿದ ಹಣಕ್ಕೆ ಬೇರೆಯವರ ಮನೆಯ ಮಗನ ಜೀವ ಒತ್ತೆಯಿಡುವುದು. ಕೊನೆ ಗಳಿಗೆಯಲ್ಲಿ ಕರೆದು ಕತ್ತಲಲ್ಲಿ ಏಣಿ ಹತ್ತಿಸದೆ ಎರಡು ದಿನ ಮೊದಲೇ ಕೆಲಸ ಒಪ್ಪಿಸಿ, ಆರ್‌ಸಿಸಿಬಿ ಹಾಕಿದ ಬೋರ್ಡಿಗೆ ಬೇರೆ ಬಾಡಿಗೆ ಕೊಟ್ಟರೆ ಅವನು ನಿರಾಳವಾಗಿ ಕೆಲಸ ಮಾಡುತ್ತಾನೆ.

ಎಲ್ಲ ಕಟ್ಟಿ ಮುಗಿದ ಮೇಲೆ ಒಳ್ಳೆಯ ಕೆಲಸಗಾರ ಬೋರ್ಡಿನ ಹತ್ತಿರ ಬಂದು ಆರ್‌ಸಿಸಿಬಿಯ ಮೇಲಿನ 'ಟಿ' ಗುಂಡಿಯನ್ನು ಒತ್ತುತ್ತಾನೆ. ಟಪ್ ಎಂದು ಮಂಟಪವೆಲ್ಲ ಕತ್ತಲು. "ಏನಾಯ್ತಣ್ಣ?" ಎಂದು ಹಿಂದಿನಿಂದ ಯಾರೋ ಗಾಬರಿಯಲ್ಲಿ ಕೇಳುತ್ತಾರೆ. "ಏನಿಲ್ಲ, ಸರಿಯಾಗಿದೆ" ಎಂದು ಅವನು ಹಿಡಿಯನ್ನು ಮೇಲಕ್ಕೆ ಎತ್ತುತ್ತಾನೆ.