ಸೈಬರ್ ಪಡೆ ಯಾರ ಕೈಕೆಳಗೆ?

ಪ್ರಶ್ನೆ: ಭೂಸೇನೆ, ನೌಕಾಪಡೆ, ವಾಯುಪಡೆ ಇದ್ದ ಹಾಗೆ ಕಂಪ್ಯೂಟರ್ ಜಾಲ ಕಾಯಲು ಬೇರೆಯೇ ಪಡೆ ಇದೆಯೇ? ಹೊರದೇಶಗಳಲ್ಲಿ ಹೇಗೆ?
– ಓದುಗರೊಬ್ಬರು, ಉಪ್ಪಿನಂಗಡಿ

ಉತ್ತರ: ನಮ್ಮಲ್ಲಿ ನಾಲ್ಕನೆಯ ಪಡೆ ಇಲ್ಲ. 2019ರಲ್ಲಿ ಶುರುವಾದ ರಕ್ಷಣಾ ಸೈಬರ್ ಏಜೆನ್ಸಿಯಲ್ಲಿ ಮೂರೂ ಪಡೆಗಳವರು ಒಟ್ಟಿಗೆ ದುಡಿಯುತ್ತಾರೆ. ಅಮೆರಿಕದ ಸೈಬರ್ ಕಮಾಂಡ್ ಕೂಡ ಇಂಥ ಜಂಟಿ ವ್ಯವಸ್ಥೆಯೇ, ಗಾತ್ರ ಮಾತ್ರ ಬಹಳ ದೊಡ್ಡದು. ಸಿಂಗಾಪುರ 2022ರಲ್ಲಿ ನಾಲ್ಕನೆಯ ಪಡೆಯನ್ನೇ ಕಟ್ಟಿತು. ಚೀನಾದ ಕತೆ ಸ್ವಾರಸ್ಯದ್ದು: 2015ರ ಕೊನೆಯಲ್ಲಿ ಸೈಬರ್, ಬಾಹ್ಯಾಕಾಶ ಎಲ್ಲವನ್ನೂ ಒಂದೇ ಪಡೆಗೆ ಸೇರಿಸಿ, 2024ರ ಏಪ್ರಿಲಿನಲ್ಲಿ ಅದನ್ನು ಮತ್ತೆ ಒಡೆಯಿತು. ಸರಿಯಾದ ಅಚ್ಚು ಯಾರಿಗೂ ಇನ್ನೂ ಸಿಕ್ಕಿಲ್ಲ ಎಂದೇ ನನಗನಿಸುತ್ತದೆ.

ನನಗೆ ಹಿಡಿಸಿದ್ದು ಪುಟ್ಟ ಎಸ್ಟೋನಿಯಾ. ಮಳೆಗಾಲದಲ್ಲಿ ನೇತ್ರಾವತಿ, ಕುಮಾರಧಾರಾ ಎರಡೂ ತುಂಬಿ ಬಂದಾಗ ನಿಮ್ಮ ಸಂಗಮದ ಬಳಿ ದೋಣಿ, ಹಗ್ಗ, ಲೈಫ್ ಜಾಕೆಟ್ ಇಟ್ಟುಕೊಂಡು ನಿಲ್ಲುವ ಗೃಹರಕ್ಷಕರನ್ನು ನೋಡಿದ್ದೀರಲ್ಲ? ಉಳಿದ ದಿನ ಅವರಿಗೆ ಬೇರೆ ಕಸುಬು ಇರುತ್ತದೆ. ಎಸ್ಟೋನಿಯಾದ ಸೈಬರ್ ಘಟಕವೂ ಹಾಗೆಯೇ. 2007ರಲ್ಲಿ ಅಲ್ಲಿನ ಬ್ಯಾಂಕು, ಪತ್ರಿಕೆ, ಸರ್ಕಾರಿ ಜಾಲತಾಣಗಳ ಮೇಲೆ ದಾಳಿಯಾದ ಬಳಿಕ ಕಂಪ್ಯೂಟರ್ ತಜ್ಞರು, ವಕೀಲರು ಸ್ವಯಂಸೇವಕರಾಗಿ ಸೇರಿ ಕಟ್ಟಿದ್ದು ಅದು. ಬೆಂಗಳೂರಿನಂಥ ಊರಿರುವ ನಾವು ಇದನ್ನು ಯಾಕೆ ಮಾಡಬಾರದು?

ಅಂದ ಹಾಗೆ, ಖಾತೆಯಿಂದ ದುಡ್ಡು ಎಗರಿಸುವ ಕಳ್ಳರು ಯಾವ ಸೇನೆಯ ಲೆಕ್ಕಕ್ಕೂ ಬರುವುದಿಲ್ಲ. ಅದು ಪೊಲೀಸರ ಕೆಲಸ. ತಡಮಾಡದೆ 1930ಕ್ಕೆ ಫೋನ್ ಮಾಡಿ.