ಗೊತ್ತಿಲ್ಲದ ವಿಳಾಸಕ್ಕೂ ಒಂದು ದಾರಿ: ಡೀಫಾಲ್ಟ್ ರೂಟನ್ನು ಸಾರುವ ಬಗೆ

ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವುದನ್ನು ನೀವು ನೋಡಿರಬಹುದು. ಸುತ್ತಲ ನಾಲ್ಕಾರು ಊರುಗಳ ಕಾಗದಗಳನ್ನು ಅಲ್ಲಿಯೇ ಬೇರೆ ಮಾಡಿಕೊಳ್ಳುತ್ತಾರೆ. ಉಳಿದವು ಧಾರವಾಡಕ್ಕೆ ಹೋಗಬೇಕಾದವಾಗಲಿ, ದೆಹಲಿಗೆ ಹೋಗಬೇಕಾದವಾಗಲಿ, ಒಂದೇ ಚೀಲಕ್ಕೆ ಬಿದ್ದು ಮೇಲಿನ ಕಚೇರಿಗೆ ಹೋಗುತ್ತವೆ. ದೆಹಲಿ ಯಾವ ದಿಕ್ಕಿನಲ್ಲಿದೆ ಎಂಬುದು ಶಾಖಾ ಕಚೇರಿಗೆ ತಿಳಿಯಬೇಕಾಗಿಲ್ಲ; ಚೀಲ ಯಾವ ಬಸ್ಸು ಹತ್ತಬೇಕೆಂದು ತಿಳಿದರೆ ಸಾಕು.

ಗಣಕ ಜಾಲಗಳಲ್ಲಿ ಈ ಚೀಲದ ಸ್ಥಾನದಲ್ಲಿರುವುದು ಡೀಫಾಲ್ಟ್ ರೂಟ್. ರೂಟರ್ ತನಗೆ ಬಂದ ಪ್ರತಿಯೊಂದು ಪ್ಯಾಕೆಟ್ಟಿನ ವಿಳಾಸವನ್ನು ತನ್ನ ಮಾರ್ಗಪಟ್ಟಿಯೊಡನೆ ಹೋಲಿಸುತ್ತದೆ. ಹಲವು ನಮೂದುಗಳು ಹೊಂದಿಕೆಯಾದರೆ, ಹೆಚ್ಚು ಬಿಟ್‌ಗಳವರೆಗೆ ಹೊಂದುವ ನಮೂದೇ ಗೆಲ್ಲುತ್ತದೆ. 10.1.4.7 ಎಂಬ ವಿಳಾಸಕ್ಕೆ 10.1.0.0/16 ಮತ್ತು 10.1.4.0/24 ಎರಡೂ ಹೊಂದುತ್ತವೆ, ಗೆಲ್ಲುವುದು ಎರಡನೆಯದು. ಡೀಫಾಲ್ಟ್ ರೂಟನ್ನು 0.0.0.0/0 ಎಂದು ಬರೆಯುತ್ತಾರೆ. ಇಲ್ಲಿ ಹೊಂದಬೇಕಾದ ಬಿಟ್‌ಗಳ ಸಂಖ್ಯೆ ಸೊನ್ನೆ. ಹಾಗಾಗಿ ಅದು ಜಗತ್ತಿನ ಯಾವ ವಿಳಾಸಕ್ಕಾದರೂ ಹೊಂದುತ್ತದೆ. ಆದರೆ ಬೇರೆ ಯಾವ ನಮೂದೂ ಹೊಂದದಿದ್ದಾಗ ಮಾತ್ರ ಗೆಲ್ಲುತ್ತದೆ.

ಇಷ್ಟು ಸರಳವಾದ ಒಂದು ಸಾಲು ಉಳಿಸುವ ಶ್ರಮ ಸಣ್ಣದಲ್ಲ. ಅಂತರಜಾಲದ ಪೂರ್ಣ ಐಪಿವಿ4 ಮಾರ್ಗಪಟ್ಟಿಯಲ್ಲಿ ಇಂದು 9 ಲಕ್ಷಕ್ಕೂ ಹೆಚ್ಚು ನಮೂದುಗಳಿವೆ. 2014ರ ಆಗಸ್ಟ್ 12ರಂದು ಈ ಸಂಖ್ಯೆ 5,12,000ದ ಗಡಿಯನ್ನು ದಾಟಿದಾಗ, ಅಷ್ಟೇ ಸ್ಥಳಾವಕಾಶವಿದ್ದ ಹಳೆಯ ರೂಟರ್‌ಗಳ ಸ್ಮೃತಿ ತುಂಬಿ, ಹಲವು ಕಡೆ ಸಂಪರ್ಕ ಕುಂಟಿತು. ಕಾಲೇಜೊಂದರ ಗ್ರಂಥಾಲಯದ ಮೂಲೆಯಲ್ಲಿರುವ ಸಣ್ಣ ರೂಟರ್‌ಗೆ ಆ ಹೊರೆ ಬೇಡವೇ ಬೇಡ. ಕಾಲೇಜಿನ ಒಳಗಿನ ಹತ್ತಾರು ಮಾರ್ಗಗಳು ಮತ್ತು ಒಂದು ಡೀಫಾಲ್ಟ್ ರೂಟ್ ಇದ್ದರೆ ಅದರ ಸಂಸಾರ ಸಾಗುತ್ತದೆ.

ಆ ಒಂದು ಸಾಲು ಗ್ರಂಥಾಲಯದ ರೂಟರ್‌ಗೆ ತಲುಪುವುದು ಹೇಗೆ? ಪ್ರತಿ ರೂಟರ್‌ನಲ್ಲಿಯೂ ಕೈಯಿಂದ ಬರೆಯಬಹುದು. ನಾಲ್ಕು ರೂಟರ್‌ಗಳಿದ್ದರೆ ಸರಿ, ನಲವತ್ತಿದ್ದರೆ ಕಷ್ಟ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಕೈಯಿಂದ ಬರೆದದ್ದಕ್ಕೆ ದಾರಿ ಕಡಿದಾಗ ತಾನಾಗಿ ಬದಲಾಗುವ ಗುಣವಿಲ್ಲ. ಆದ್ದರಿಂದ ರೂಟರ್‌ಗಳು ತಮ್ಮತಮ್ಮಲ್ಲೇ ಮಾಹಿತಿ ಹಂಚಿಕೊಳ್ಳುವ ನಿಯಮಾವಳಿಗಳು, ಅಂದರೆ ಚಲನಶೀಲ ರೂಟಿಂಗ್ ಪ್ರೊಟೊಕಾಲ್‌ಗಳು ಬಂದವು. ಆವರಣ ಜಾಲಗಳಲ್ಲಿ ಹೆಚ್ಚಾಗಿ ಕಾಣುವುದು ಓಎಸ್‌ಪಿಎಫ್. 1989ರಲ್ಲಿ ಇದರ ಮೊದಲ ಆವೃತ್ತಿ ಬಂತು. ಇಂದು ಐಪಿವಿ4 ಜಾಲಗಳಲ್ಲಿ ಬಳಕೆಯಲ್ಲಿರುವ ಎರಡನೆಯ ಆವೃತ್ತಿಯ ನಿರೂಪಣೆ ಜಾನ್ ಮೊಯ್ ಬರೆದದ್ದು, 1998ರದು. ಓಎಸ್‌ಪಿಎಫ್‌ನಲ್ಲಿ ಪ್ರತಿ ರೂಟರ್ ತನಗೆ ತಿಳಿದದ್ದನ್ನು ಎಲ್‌ಎಸ್‌ಎ ಎಂಬ ಚಿಕ್ಕ ಪ್ರಕಟಣೆಗಳ ರೂಪದಲ್ಲಿ ಹರಡುತ್ತದೆ. ಎಲ್ಲರ ಪ್ರಕಟಣೆಗಳನ್ನೂ ಕೂಡಿಸಿ ಪ್ರತಿ ರೂಟರ್ ಜಾಲದ ನಕ್ಷೆಯನ್ನು ಕಟ್ಟಿಕೊಂಡು, ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನದಿಂದ ಅತಿ ಕಡಿಮೆ ವೆಚ್ಚದ ದಾರಿಯನ್ನು ಲೆಕ್ಕ ಹಾಕುತ್ತದೆ.

ಈಗ ಒಂದು ಕಾಲೇಜನ್ನು ಊಹಿಸಿಕೊಳ್ಳಿ. ಆಡಳಿತ ಕಟ್ಟಡದ ರೂಟರ್‌ಗೆ 'ಅ' ಎಂದು ಹೆಸರಿಡೋಣ. ಮುಖ್ಯ ಸೇವಾ ಸಂಸ್ಥೆಯ ಫೈಬರ್ ಅಲ್ಲಿಗೆ ಬರುತ್ತದೆ. ಹಾಸ್ಟೆಲಿನ ರೂಟರ್ 'ಬ'. ಅಲ್ಲಿಗೆ ಬೇರೊಂದು ಸಂಸ್ಥೆಯ ಕಡಿಮೆ ವೇಗದ ತಂತಿ, ಆಪತ್ಕಾಲಕ್ಕೆ. ಗ್ರಂಥಾಲಯ, ಪ್ರಯೋಗಾಲಯಗಳ ರೂಟರ್‌ಗಳು ಒಳಗಿವೆ. ಎಲ್ಲವೂ ಓಎಸ್‌ಪಿಎಫ್ ಮಾತಾಡುತ್ತವೆ.

'ಅ' ರೂಟರ್‌ನಲ್ಲಿ ಮೊದಲು ಒಂದು ಸ್ಥಿರ ಮಾರ್ಗವನ್ನು ಬರೆಯಬೇಕು: ಗೊತ್ತಿಲ್ಲದ್ದೆಲ್ಲ 198.51.100.1ಕ್ಕೆ, ಅಂದರೆ ಸೇವಾ ಸಂಸ್ಥೆಯ ಕಡೆಗೆ. (ಇದು ಪುಸ್ತಕಗಳ ಉದಾಹರಣೆಗೆಂದೇ ಮೀಸಲಿಟ್ಟ ವಿಳಾಸ, ನಿಜ ಜಾಲದಲ್ಲಿ ಬಳಸಬೇಡಿ.) ಇಷ್ಟು ಮಾಡಿದರೆ 'ಅ'ಗೆ ದಾರಿ ತಿಳಿಯಿತು, ಉಳಿದವಕ್ಕೆ ತಿಳಿಯಲಿಲ್ಲ. ಸಿಸ್ಕೊ ರೂಟರ್‌ಗಳಲ್ಲಿ ಸ್ಥಿರ ಮಾರ್ಗಗಳನ್ನು ಓಎಸ್‌ಪಿಎಫ್‌ಗೆ ಸೇರಿಸುವ 'ರೀಡಿಸ್ಟ್ರಿಬ್ಯೂಟ್ ಸ್ಟ್ಯಾಟಿಕ್' ಆಜ್ಞೆ ಇದೆ. ಅದನ್ನು ಕೊಟ್ಟು ಕಾದು ಕುಳಿತ ವಿದ್ಯಾರ್ಥಿಗಳು ಬಹಳ. ಆ ಆಜ್ಞೆ ಬೇರೆಲ್ಲ ಸ್ಥಿರ ಮಾರ್ಗಗಳನ್ನು ಒಯ್ಯುತ್ತದೆ, ಡೀಫಾಲ್ಟನ್ನು ಮಾತ್ರ ಬಿಟ್ಟುಬಿಡುತ್ತದೆ. ಇದು ದೋಷವಲ್ಲ, ಬೇಕೆಂದೇ ಇಟ್ಟ ತಡೆ. ಇಡೀ ಜಾಲದ ಸಂಚಾರವನ್ನು ತನ್ನತ್ತ ಎಳೆಯುವ ಮಾರ್ಗ ಅರಿವಿಲ್ಲದೆ ಹೊರಬೀಳಬಾರದಲ್ಲ! ಅದಕ್ಕೆ 'ಡೀಫಾಲ್ಟ್-ಇನ್‌ಫರ್ಮೇಶನ್ ಒರಿಜಿನೇಟ್' ಎಂಬ ಪ್ರತ್ಯೇಕ ಆಜ್ಞೆಯನ್ನೇ ಕೊಡಬೇಕು. ಲಿನಕ್ಸ್ ಮೇಲೆ ಓಡುವ, ಉಚಿತವಾಗಿ ದೊರೆಯುವ ಎಫ್‌ಆರ್‌ಆರ್ ತಂತ್ರಾಂಶದಲ್ಲಿಯೂ ಇದೇ ಆಜ್ಞೆ ಇದೆ. ಜುನಿಪರ್ ರೂಟರ್‌ಗಳಲ್ಲಿ ಇದಕ್ಕಾಗಿ ಎಕ್ಸ್‌ಪೋರ್ಟ್ ಪಾಲಿಸಿ ಬರೆಯಬೇಕು.

ಆಜ್ಞೆ ಕೊಟ್ಟೊಡನೆ 'ಅ' ಐದನೆಯ ಬಗೆಯ ಎಲ್‌ಎಸ್‌ಎ ಒಂದನ್ನು ಹರಡುತ್ತದೆ. ಗ್ರಂಥಾಲಯದ ರೂಟರ್‌ನ ಮಾರ್ಗಪಟ್ಟಿಯಲ್ಲಿ 'ಓ*ಇ2' ಎಂಬ ಗುರುತಿನೊಡನೆ 0.0.0.0/0 ಕಾಣಿಸಿಕೊಳ್ಳುತ್ತದೆ. 'ಓ' ಎಂದರೆ ಓಎಸ್‌ಪಿಎಫ್‌ನಿಂದ ಬಂದದ್ದು. ನಕ್ಷತ್ರ, ಡೀಫಾಲ್ಟ್ ಆಗಲು ಅರ್ಹ ಎಂಬುದರ ಸೂಚನೆ. 'ಇ2' ಏನೆಂದು ಮುಂದೆ ನೋಡೋಣ.

ಈ ಆಜ್ಞೆಗೆ ಒಂದು ಷರತ್ತು ಅಂಟಿಕೊಂಡಿದೆ. 'ಅ'ನ ಮಾರ್ಗಪಟ್ಟಿಯಲ್ಲಿ ಡೀಫಾಲ್ಟ್ ರೂಟ್ ಇದ್ದರೆ ಮಾತ್ರ, ಅದೂ ಅದೇ ಓಎಸ್‌ಪಿಎಫ್‌ನಿಂದ ಕಲಿತದ್ದಲ್ಲದೆ ಬೇರೆ ಮೂಲದಿಂದ ಬಂದಿದ್ದರೆ ಮಾತ್ರ, 'ಅ' ಅದನ್ನು ಸಾರುತ್ತದೆ. ಪಟ್ಟಿಯಿಂದ ಅದು ಮಾಯವಾದರೆ ತನ್ನ ಎಲ್‌ಎಸ್‌ಎಯ ವಯಸ್ಸನ್ನು ಗರಿಷ್ಠ ಮಿತಿಯಾದ 3600 ಸೆಕೆಂಡಿಗೆ ಏರಿಸಿ ಮತ್ತೊಮ್ಮೆ ಹರಡುತ್ತದೆ. ಅದನ್ನು ಕಂಡ ರೂಟರ್‌ಗಳು ಆ ಮಾರ್ಗವನ್ನು ಅಳಿಸಿಹಾಕುತ್ತವೆ. ಅಂದರೆ ಪ್ರಕಟಣೆ ಒಂದು ಭರವಸೆ; ನೆರವೇರಿಸಲಾಗದಾಗ ಹಿಂದಕ್ಕೆ ಪಡೆಯಲಾಗುತ್ತದೆ.

ಆಜ್ಞೆಯ ಕೊನೆಗೆ 'ಆಲ್ವೇಸ್' ಎಂದು ಸೇರಿಸಿದರೆ ಈ ಷರತ್ತು ಹೋಗುತ್ತದೆ. ತನ್ನಲ್ಲಿ ದಾರಿ ಇರಲಿ, ಬಿಡಲಿ, 'ಅ' ಸಾರುತ್ತಲೇ ಇರುತ್ತದೆ. ಪ್ರಯೋಗಾಲಯದಲ್ಲಿ ಅಭ್ಯಾಸಕ್ಕೆ ಇದು ಅನುಕೂಲ. ಹೊರಬಾಗಿಲು ಒಂದೇ ಇರುವ ಜಾಲದಲ್ಲಿಯೂ ತೊಂದರೆಯಿಲ್ಲ. ಬಾಗಿಲು ಮುಚ್ಚಿದ್ದರೆ ಪ್ಯಾಕೆಟ್ ಗ್ರಂಥಾಲಯದಲ್ಲಿಯೇ ಸತ್ತರೇನು, 'ಅ'ವರೆಗೆ ನಡೆದು ಹೋಗಿ ಸತ್ತರೇನು? ಆದರೆ ನಮ್ಮ ಕಾಲೇಜಿಗೆ ಎರಡು ಬಾಗಿಲುಗಳಿವೆ. 'ಅ'ನ ಫೈಬರ್ ಕಡಿದ ದಿನ 'ಬ' ತೆರೆದೇ ಇದ್ದರೂ, 'ಆಲ್ವೇಸ್' ಎಂಬ ಒಂದು ಪದದ ಕಾರಣ ಗ್ರಂಥಾಲಯದ ಸಂಚಾರವೆಲ್ಲ ಮುಚ್ಚಿದ ಬಾಗಿಲಿನ ಕಡೆಗೇ ಹೋಗುತ್ತಿರುತ್ತದೆ. ಆಪತ್ಕಾಲಕ್ಕೆಂದು ತಿಂಗಳು ತಿಂಗಳು ಹಣ ತೆತ್ತ ತಂತಿ ಸುಮ್ಮನೆ ಕುಳಿತಿರುತ್ತದೆ. ಹೊರಬಾಗಿಲು ಎರಡಿದ್ದಲ್ಲಿ ಈ ಪದವನ್ನು ಬಳಸಲೇಬಾರದು ಎಂಬುದು ನನ್ನ ಅಭಿಪ್ರಾಯ.

'ಆಲ್ವೇಸ್' ಇಲ್ಲದಿದ್ದರೆ ಎಲ್ಲ ಸರಿಯೆ? ಅಲ್ಲಿಯೇ ಇನ್ನೊಂದು ತೊಡಕಿದೆ. ಸ್ಥಿರ ಮಾರ್ಗ ಪಟ್ಟಿಯಿಂದ ಹೋಗುವುದು ರೂಟರ್‌ನ ಆ ಕಡೆಯ ಪೋರ್ಟ್ ನಿಷ್ಕ್ರಿಯವಾದಾಗ. ಸಾಮಾನ್ಯವಾಗಿ ರೂಟರ್ ಮತ್ತು ಹೊರಗಿನ ಫೈಬರ್ ನಡುವೆ ಸೇವಾ ಸಂಸ್ಥೆಯ ಪುಟ್ಟ ಪೆಟ್ಟಿಗೆಯೊಂದು ಇರುತ್ತದೆ. ರಸ್ತೆ ಅಗೆಯುವ ಯಂತ್ರ ಫೈಬರನ್ನು ಕಡಿದರೂ ಪೆಟ್ಟಿಗೆಗೆ ವಿದ್ಯುತ್ ಇದೆ, ಅದರಿಂದ ರೂಟರ್‌ಗೆ ಬರುವ ಈಥರ್‌ನೆಟ್ ತಂತಿಯ ಹಸಿರು ದೀಪ ಉರಿಯುತ್ತಿದೆ. ರೂಟರ್‌ನ ದೃಷ್ಟಿಯಲ್ಲಿ ಏನೂ ಆಗಿಲ್ಲ! ಸ್ಥಿರ ಮಾರ್ಗ ಹಾಗೇ ಉಳಿಯುತ್ತದೆ, ಪ್ರಕಟಣೆಯೂ ಉಳಿಯುತ್ತದೆ.

ಇದಕ್ಕೆ ಉತ್ತಮ ಪರಿಹಾರ, ಸೇವಾ ಸಂಸ್ಥೆಯಿಂದಲೇ ಬಿಜಿಪಿ ಎಂಬ ಪ್ರೊಟೊಕಾಲ್ ಮೂಲಕ ಡೀಫಾಲ್ಟನ್ನು ಪಡೆಯುವುದು. ಆ ಕಡೆಯ ರೂಟರ್‌ನ ಮಾತು ನಿಂತರೆ ನಿಗದಿತ ಅವಧಿಯ ನಂತರ ಮಾರ್ಗ ತಾನೇ ಹೋಗುತ್ತದೆ. ಸಿಸ್ಕೊ ರೂಟರ್‌ಗಳಲ್ಲಿ ಈ ಅವಧಿ ಬದಲಿಸದಿದ್ದರೆ 180 ಸೆಕೆಂಡು. ಸಣ್ಣ ಗ್ರಾಹಕರಿಗೆ ಬಿಜಿಪಿ ಸಿಗದಿದ್ದಲ್ಲಿ, ಹೊರಗಿನ ಒಂದು ವಿಳಾಸಕ್ಕೆ ಆಗಾಗ ಪಿಂಗ್ ಕಳುಹಿಸಿ, ಉತ್ತರ ಬಾರದಿದ್ದರೆ ಸ್ಥಿರ ಮಾರ್ಗವನ್ನು ತೆಗೆಯುವಂತೆ ರೂಟರ್‌ಗೆ ಹೇಳಬಹುದು. ಯಾವ ವಿಳಾಸವನ್ನು ಆರಿಸಬೇಕು ಎಂಬುದರಲ್ಲಿ ಜಾಣತನ ಬೇಕು. ಪಕ್ಕದ ಪೆಟ್ಟಿಗೆಯನ್ನೇ ಕೇಳಿದರೆ ಅದು ಸದಾ 'ಇದ್ದೇನೆ' ಎನ್ನುತ್ತದೆ. ದೂರದ ಒಂದೇ ಒಂದು ಸರ್ವರನ್ನು ನಂಬಿದರೆ, ಅದು ಕೆಟ್ಟ ದಿನ ನಮ್ಮ ಸರಿಯಿರುವ ಬಾಗಿಲನ್ನು ನಾವೇ ಮುಚ್ಚಿಕೊಳ್ಳುತ್ತೇವೆ. ಎರಡು ಮೂರು ವಿಳಾಸಗಳನ್ನು ಕೇಳಿ, ಎಲ್ಲವೂ ಮೌನವಾದರೆ ಮಾತ್ರ ತೀರ್ಮಾನಿಸುವುದು ಲೇಸು.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ಪಿಂಗ್ ಸೋತು 'ಅ' ತನ್ನ ಮಾರ್ಗವನ್ನು ತೆಗೆಯಿತು ಎನ್ನೋಣ. ಈಗ 'ಬ'ನ ಡೀಫಾಲ್ಟ್ ಓಎಸ್‌ಪಿಎಫ್ ಮೂಲಕ 'ಅ'ಗೂ ಬರುತ್ತದೆ. ಮುಂದಿನ ಪಿಂಗ್ 'ಬ' ಮೂಲಕ ಹೊರಗೆ ಹೋಗಿ ಗೆದ್ದು ಬರುತ್ತದೆ. 'ಫೈಬರ್ ಸರಿಯಾಯಿತು' ಎಂದು ಭ್ರಮಿಸಿದ 'ಅ' ಮತ್ತೆ ತನ್ನ ಮಾರ್ಗವನ್ನು ಹಾಕುತ್ತದೆ. ಪಿಂಗ್ ಮತ್ತೆ ಸೋಲುತ್ತದೆ. ಹೀಗೆ ಇಡೀ ಕಾಲೇಜಿನ ಸಂಪರ್ಕ ಉಯ್ಯಾಲೆಯಾಡುತ್ತದೆ. ಆದ್ದರಿಂದ ಪಿಂಗ್ ಮಾಡುವ ವಿಳಾಸಗಳಿಗೆ ಮಾತ್ರ 'ಅ'ನ ಫೈಬರ್ ಮೂಲಕವೇ ಹೋಗುವ /32 ಸ್ಥಿರ ಮಾರ್ಗಗಳನ್ನು ಪ್ರತ್ಯೇಕವಾಗಿ ಬರೆದಿಡಬೇಕು. ಹೆಚ್ಚು ಬಿಟ್‌ಗಳ ನಮೂದು ಗೆಲ್ಲುತ್ತದೆ ಎಂಬ ಮೊದಲ ನಿಯಮ ಇಲ್ಲಿ ನೆರವಿಗೆ ಬರುತ್ತದೆ.

ಇನ್ನು ಎರಡು ಬಾಗಿಲುಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆ. ಇದನ್ನು ಮೆಟ್ರಿಕ್ ಎಂಬ ಸಂಖ್ಯೆ ತೀರ್ಮಾನಿಸುತ್ತದೆ, ಚಿಕ್ಕದು ಗೆಲ್ಲುತ್ತದೆ. 'ಅ' 10, 'ಬ' 20 ಎಂದು ಸಾರಲಿ. ಪ್ರಕಟಣೆ ಎರಡನೆಯ ಬಗೆಯದಾದರೆ, ಅದೇ 'ಇ2', ಒಳಗಿನ ದಾರಿಯ ವೆಚ್ಚವನ್ನು ಇದಕ್ಕೆ ಕೂಡಿಸುವುದಿಲ್ಲ. ಗ್ರಂಥಾಲಯ 'ಬ'ನ ಪಕ್ಕದಲ್ಲಿಯೇ ಇದ್ದರೂ 'ಅ'ನನ್ನೇ ಆರಿಸುತ್ತದೆ. ಮೊದಲನೆಯ ಬಗೆಯದಾದರೆ ಒಳವೆಚ್ಚವೂ ಸೇರುತ್ತದೆ. ಗ್ರಂಥಾಲಯದಿಂದ 'ಅ'ಗೆ ವೆಚ್ಚ 12, 'ಬ'ಗೆ 1 ಎಂದಾದರೆ ಮೊತ್ತ ಕ್ರಮವಾಗಿ 22 ಮತ್ತು 21. ಈಗ 'ಬ' ಗೆಲ್ಲುತ್ತದೆ, ಆಪತ್ಕಾಲದ ಸಣ್ಣ ತಂತಿ ದಿನನಿತ್ಯವೂ ತುಂಬಿ ಏದುಸಿರು ಬಿಡುತ್ತದೆ. ಎರಡೂ ತಂತಿಗಳು ಸಮಬಲದವಾಗಿದ್ದರೆ ಮೊದಲನೆಯ ಬಗೆ ಒಳ್ಳೆಯದು. ಒಂದು ಮುಖ್ಯ, ಒಂದು ಮೀಸಲು ಎಂದಾದರೆ ಎರಡನೆಯದು.

ಹಾಸ್ಟೆಲಿನವರದು ಬೇರೆಯೇ ಕತೆ. 'ಬ'ನ ಸ್ವಂತ ಸ್ಥಿರ ಮಾರ್ಗಕ್ಕೆ ಓಎಸ್‌ಪಿಎಫ್‌ನಿಂದ ಬಂದದ್ದಕ್ಕಿಂತ ಹೆಚ್ಚು ಮನ್ನಣೆ. ಸಿಸ್ಕೊ ಲೆಕ್ಕದಲ್ಲಿ ಸ್ಥಿರ ಮಾರ್ಗದ ಅಂತರ 1, ಓಎಸ್‌ಪಿಎಫ್‌ನದು 110. ಹಾಗಾಗಿ 'ಅ' ಚೆನ್ನಾಗಿದ್ದಾಗಲೂ ಹಾಸ್ಟೆಲಿನ ಸಂಚಾರ ಸಣ್ಣ ತಂತಿಯಲ್ಲಿಯೇ ಹೋಗುತ್ತದೆ. 'ಬ'ನ ಸ್ಥಿರ ಮಾರ್ಗಕ್ಕೆ 200ರಂತಹ ಅಂತರವನ್ನು ಕೊಟ್ಟರೆ, 'ಅ' ತನ್ನ ಪ್ರಕಟಣೆಯನ್ನು ಹಿಂತೆಗೆದುಕೊಂಡಾಗ ಮಾತ್ರ ಅದು ಪಟ್ಟಿಗೆ ಬರುತ್ತದೆ, ಆಗಲೇ 'ಬ' ಸಾರಲು ತೊಡಗುತ್ತದೆ.

ಪಾಠ ಹೇಳುವ ಅಧ್ಯಾಪಕರಿಗೆ ಒಂದು ಎಚ್ಚರಿಕೆ. ಮೆಟ್ರಿಕ್ ಕೊಡದಿದ್ದರೆ ಸಿಸ್ಕೊ ರೂಟರ್ ಡೀಫಾಲ್ಟನ್ನು 1 ಎಂದು ಸಾರುತ್ತದೆ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ 'ಆಲ್ವೇಸ್' ಬರೆದ ರೂಟರನ್ನು ಆವರಣದ ಜಾಲಕ್ಕೆ ಸಿಕ್ಕಿಸಿ, ಅದು ಅಲ್ಲಿನ ಓಎಸ್‌ಪಿಎಫ್ ಕೂಟಕ್ಕೆ ಸೇರಿಕೊಂಡರೆ, 1 ಎಂಬುದು 10ನ್ನು ಸೋಲಿಸುತ್ತದೆ. ಕ್ಷಣಗಳಲ್ಲಿ ಕಾಲೇಜಿನ ಸಂಚಾರವೆಲ್ಲ ಆ ಮೇಜಿನ ಕಡೆಗೆ ತಿರುಗುತ್ತದೆ. ಬಳಕೆದಾರರ ಪೋರ್ಟ್‌ಗಳನ್ನು 'ಪ್ಯಾಸಿವ್' ಮಾಡಿಡುವುದು, ರೂಟರ್‌ಗಳ ನಡುವೆ ಗುಪ್ತಪದದ ಪರಿಶೀಲನೆ ಇಡುವುದು ಇದಕ್ಕಾಗಿಯೇ. ಅಭ್ಯಾಸವನ್ನು ಎಫ್‌ಆರ್‌ಆರ್ ಅಥವಾ ಪ್ಯಾಕೆಟ್ ಟ್ರೇಸರ್‌ನಂತಹ ಬೇರೆಯೇ ವಾತಾವರಣದಲ್ಲಿ ಮಾಡಿಸಿ.

ಎಲ್ಲ ಬರೆದ ಮೇಲೆ ಪರೀಕ್ಷಿಸಬೇಕು. ರೂಟರ್‌ನ ತಂತಿಯನ್ನು ಕಿತ್ತು ನೋಡಿದರೆ ಸಾಲದು. ಆಗ ಪೋರ್ಟ್ ಸಾಯುವುದರಿಂದ ಎಂಥ ವ್ಯವಸ್ಥೆಯೂ ಸಾಮಾನ್ಯವಾಗಿ ಗೆದ್ದುಬಿಡುತ್ತದೆ. ಸೇವಾ ಸಂಸ್ಥೆಯವರ ಒಪ್ಪಿಗೆ ಪಡೆದು, ರಜೆಯ ದಿನ, ಪೆಟ್ಟಿಗೆಯ ಆಚೆಗಿನ ಫೈಬರನ್ನು ಬಿಡಿಸಿ. ಗ್ರಂಥಾಲಯದ ರೂಟರ್‌ನ ಮುಂದೆ ಕುಳಿತು 0.0.0.0/0ರ ಸಾಲನ್ನೇ ನೋಡುತ್ತಿರಿ. ಅದರ ಪಕ್ಕದ [110/10] ಎಂಬುದು [110/20] ಆಗಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. ಫೈಬರನ್ನು ಮತ್ತೆ ಜೋಡಿಸಿದಾಗ ಅದು ಮರಳಿ 10 ಆಯಿತೆ, ಆಗಿ ಹಾಗೆಯೇ ನಿಂತಿತೆ ಎಂಬುದನ್ನೂ ನೋಡಿ.